ಕರೆಂಟು ಹೋದರೆ ಭಾವ ಇದ್ದಾರಲ್ಲ!

ನಮ್ಮ ಭಾವನಿಗೆ ಹಾಡಲು ಬರುವುದಿಲ್ಲ. ಯಾವ ವಾದ್ಯವನ್ನೂ ನುಡಿಸಲು ಬರುವುದಿಲ್ಲ. ತಾಳ ಹಾಕಿದರೆ ಅದು ಅವರ ತೊಡೆಯ ಬದಲು ಪಕ್ಕದವರ ತೊಡೆಯ ಮೇಲೆ ಬೀಳುತ್ತದೆ. ಆದರೂ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಯಲಹಂಕದಿಂದ ಯಶವಂತಪುರದವರೆಗೆ ಎಲ್ಲಿ ಸಂಗೀತ ಕಾರ್ಯಕ್ರಮವಾದರೂ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಕಾದಿರುತ್ತಿತ್ತು! ಮುಖ್ಯ ಅತಿಥಿ ಬರದಿದ್ದರೆ ನಡೆಯುತ್ತಿತ್ತು. ಗಾಯಕರು ತಡವಾಗಿ ಬಂದರೂ ಸರಿಯೇ. ಭಾವ ಬಂದರೋ ಇಲ್ಲವೋ ಎಂದು ಮಾತ್ರ ಸಂಘಟಕರು ಪರದೆ ಸರಿಸಿ ಸರಿಸಿ ನೋಡುತ್ತಿದ್ದರು. ಯಾಕೆ ಅಂತೀರಾ? ಮೈಕು ಕೆಟ್ಟರೆ, ಪಿಟೀಲಿನ ತಂತಿ ಕಿತ್ತರೆ, ಕರೆಂಟೇ ಹೋದರೆ, ನಿಂತುಹೋದ ಆ ಸದ್ದನ್ನು ಭಾವ ಬಾಯಲ್ಲೇ ಮಾಡಿಬಿಡುತ್ತಿದ್ದರು!

ಇದೆಂಥ ವಿದ್ಯೆಯೋ ನನಗೆ ಇಂದಿಗೂ ಅರ್ಥವಾಗಿಲ್ಲ. ಕೊಳಲಾಗು ಎಂದರೆ ಅವರ ಬಾಯಿ ಕೊಳಲಾಗುತ್ತಿತ್ತು, ಮೃದಂಗ ಎಂದರೆ ಮೃದಂಗ. ಆದರೆ ಅದೇ ಬಾಯಲ್ಲಿ ದೇವರನಾಮದ ಒಂದು ಸಾಲು ಹೇಳಿ ಎಂದಿರೋ, ಶ್ರುತಿ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡುತ್ತಿತ್ತು.

ಮೊದಲ ಸಲ ಅವರು ನಮ್ಮ ಮನೆಗೆ ಬಂದದ್ದು ಅಕ್ಕನನ್ನು ನೋಡಲು. ಗಂಡು ಗದಗಿನ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಯಲಹಂಕದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದ್ದೆವು. ನಮ್ಮಪ್ಪ ಹೈಸ್ಕೂಲ್ ಮೇಷ್ಟರು, ಸಂಗೀತದ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಕುಕ್ಕರ್ ಕೂಗಿದರೂ "ಪಂಚಮ ಸ್ವಲ್ಪ ಇಳೀತು ಕಣೇ" ಎಂದು ಅಮ್ಮನಿಗೆ ಹೇಳುವವರು. ಅಕ್ಕ ಹಾಡಬೇಕು, ಅಮ್ಮ ಶ್ರುತಿಪೆಟ್ಟಿಗೆ ಒತ್ತಬೇಕು ಎಂದು ಏರ್ಪಾಡು. ಅಮ್ಮ ಒತ್ತಿದರು. ಪೆಟ್ಟಿಗೆಯ ತಿದಿ ಎಲ್ಲಿ ಹರಿದಿತ್ತೋ, 'ಬುಸ್ಸ್' ಎಂದು ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು. ಅಮ್ಮನ ಮುಖ ಬಿಳಿಚಿತು. ಅಷ್ಟರಲ್ಲಿ ಎಲ್ಲಿಂದಲೋ ತುಂಬಿದ, ಸ್ಥಿರವಾದ ಶ್ರುತಿ ಹರಿದು ಬಂತು. ತಲೆ ತಗ್ಗಿಸಿ ಕುಳಿತಿದ್ದ ಅಕ್ಕ ಕಣ್ಣು ಮುಚ್ಚಿ ಹಾಡತೊಡಗಿದಳು. ಹಾಡು ಮುಗಿದ ಮೇಲೆ ಕಣ್ಣು ಬಿಟ್ಟರೆ ಪೆಟ್ಟಿಗೆ ಅಮ್ಮನ ತೊಡೆಯ ಮೇಲೆ ಮುಚ್ಚಿಕೊಂಡೇ ಇದೆ! ಎದುರಿಗೆ ಗಂಡು ಮೂಗಿನಿಂದ ಕೊನೆಯ ಎಳೆಯನ್ನು ಮೆಲ್ಲಗೆ ಇಳಿಸುತ್ತಿದ್ದಾರೆ.

ಅವರು ಹೋದ ಮೇಲೆ ಅಪ್ಪ ಕಿಡಿಕಿಡಿಯಾದರು. "ಹೆಣ್ಣು ನೋಡೋಕೆ ಬಂದೋನು ಶ್ರುತಿಪೆಟ್ಟಿಗೆ ಆಗಿ ಕೂತ್ಕೋತಾನೇನೇ? ಮಾನ ಮರ್ಯಾದೆ ಬೇಡ್ವಾ?"

ಅಕ್ಕ ಅಡುಗೆಮನೆಯ ಬಾಗಿಲ ಮರೆಯಿಂದಲೇ ಹೇಳಿದಳು, "ಶ್ರುತಿ ಒಂಚೂರೂ ಅಲ್ಲಾಡ್ಲಿಲ್ಲ ಕಣಪ್ಪಾ."

ಅಲ್ಲಿಗೆ ಮದುವೆ ನಿಶ್ಚಯವಾಯಿತು. ಅಪ್ಪ ಧಾರೆ ಎರೆದರು, ಆದರೆ ಅಳಿಯನನ್ನು ಒಪ್ಪಲಿಲ್ಲ. "ಸಂಗೀತ ಅಂದ್ರೆ ಸಾಧನೆ. ಇವರದು ದೊಂಬರಾಟ" ಎಂಬುದು ಅವರ ತೀರ್ಪು.

ಅಕ್ಕ, ಭಾವ ಸಂಜಯನಗರದಲ್ಲಿ ಮನೆ ಮಾಡಿದರು. ಅಕ್ಕನ ಸಂಸಾರ ಹೇಗಿದ್ದೀತು ಊಹಿಸಿ! ಕುಕ್ಕರ್ ಮೂರು ಸಲ ಕೂಗಿತೆಂದು ಇಳಿಸಿದರೆ ಒಳಗೆ ಅಕ್ಕಿ ಅಕ್ಕಿಯಾಗಿಯೇ ಇರುತ್ತಿತ್ತು. ಪಡಸಾಲೆಯಲ್ಲಿ ಪೇಪರು ಓದುತ್ತ ಭಾವ ಎರಡು ಕೂಗು ಸೇರಿಸಿರುತ್ತಿದ್ದರು. "ಹಸಿವ್ಯಾಗಿತ್ತು, ಅದಕ್ಕ" ಎಂಬ ಸಮಜಾಯಿಷಿ ಬೇರೆ.

ಭಾವನ ಹೆಸರು ಊರಿಗೆಲ್ಲ ಹಬ್ಬಿದ್ದು ಆರ್‌.ಟಿ. ನಗರದ ಗಣೇಶನ ಪೆಂಡಾಲಿನಲ್ಲಿ. ಅಂದು ಆರ್ಕೆಸ್ಟ್ರಾ. ಎರಡನೆಯ ಹಾಡಿಗೇ ಆರ್ಗನ್ನಿನ ಒಳಗಿಂದ ಸುಟ್ಟ ವಾಸನೆ ಬಂದು, ಅದು ಕಮಕ್ ಕಿಮಕ್ ಎನ್ನದೆ ಕುಳಿತುಬಿಟ್ಟಿತು.

"ಮಚ್ಚಾ, ಆರ್ಗನ್ ಸತ್ತೋಯ್ತು ಕಣೋ!" ಎಂದು ಅದನ್ನು ನುಡಿಸುತ್ತಿದ್ದ ಹುಡುಗ ಗಾಯಕನಿಗೆ ಹೇಳಿದ್ದು ಮೈಕಿನಲ್ಲಿ ಇಡೀ ಬಡಾವಣೆಗೆ ಕೇಳಿಸಿತು.

ಭಾವ ವೇದಿಕೆ ಹತ್ತಿಯೇಬಿಟ್ಟರು. "ಅದಕ್ಯಾಕ್ ಚಿಂತಿ ಮಾಡ್ತೀರಿ? ನಾ ಇದ್ದೀನಲ್ಲ!"

ಆಮೇಲೆ ಹಾಡುಗಳ ನಡುವೆ ಬರಬೇಕಾದ ಪಿಟೀಲು, ಕೊಳಲು, ಗೆಜ್ಜೆ, ಜಟಕಾಬಂಡಿ, ಗುಡುಗು ಎಲ್ಲವೂ ಅವರ ಬಾಯಿಂದಲೇ ಬಂದವು. ಒಂದು ಯುಗಳಗೀತೆಯಲ್ಲಿ ಜಲಪಾತ ಕೂಡ ಬಂತು, ಮುಂದಿನ ಸಾಲಿನವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು! ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ತಂತಿ ಬೆಸೆದು ಆರ್ಗನ್ನನ್ನು ಬದುಕಿಸಿದರು. ಅದು ಎರಡು ಸ್ವರ ನುಡಿದಿತ್ತೋ ಇಲ್ಲವೋ, ಹಿಂದಿನಿಂದ ಕೂಗು ಬಂತು: "ಗುರೂ, ಅದನ್ನ ಆಫ್ ಮಾಡ್ರೋ! ಆ ಅಣ್ಣನ್ನೇ ಆನ್ ಮಾಡಿ!"

ಇಷ್ಟು ಹೊಗಳಿಕೆ ಸಿಕ್ಕ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಹೆಬ್ಬಾಳದ ಒಂದು ಕಾರ್ಯಕ್ರಮದಲ್ಲಿ ಏನಾಯಿತೆಂದರೆ, ಪಿಟೀಲು ಕಚೇರಿಗೆ ಮುಂಚೆ ಅಧ್ಯಕ್ಷರ ಭಾಷಣ. ಅಧ್ಯಕ್ಷರು ಸಂಗೀತದ ಮಹತ್ವವನ್ನು ವೇದಕಾಲದಿಂದ ಶುರು ಮಾಡಿದರು. ಪಕ್ಕವಾದ್ಯದವರು ಆಕಳಿಸುತ್ತಿದ್ದಾರೆ, ಮಕ್ಕಳು ಅಳುತ್ತಿದ್ದಾರೆ, ಅಧ್ಯಕ್ಷರು ಇನ್ನೂ ಋಷಿಮುನಿಗಳನ್ನು ದಾಟಿಲ್ಲ. ಆಗ 'ಕೂಂಂಂಯ್' ಎಂದು ಮೈಕು ಊಳಿಟ್ಟಿತು. ಮೈಕಿನವನು ಓಡಿಬಂದು ಗುಂಡಿ ತಿರುಗಿಸಿದ. ನಿಂತಿತು. ಅಧ್ಯಕ್ಷರು ಬಾಯಿ ತೆರೆದರು. 'ಕೂಂಂಂಯ್!' ಅವನು ಸ್ಪೀಕರನ್ನು ಆ ಕಡೆ ತಿರುಗಿಸಿದ, ವೈರು ಕಿತ್ತು ಮತ್ತೆ ಸಿಕ್ಕಿಸಿದ, ಮೈಕಿನ ತಲೆಯ ಮೇಲೆ ಎರಡು ತಟ್ಟಿದ. ಅಧ್ಯಕ್ಷರು ಬಾಯಿ ತೆರೆದಾಗಲೆಲ್ಲ ಅದೇ ಊಳು! ಕೊನೆಗೆ ಅವರು "ಎಲ್ಲರಿಗೂ ಒಳ್ಳೇದಾಗ್ಲಿ" ಎಂದು ಕುಳಿತುಬಿಟ್ಟರು. ಕಚೇರಿ ಶುರುವಾಯಿತು. ಮೈಕು ಆಮೇಲೆ ಒಮ್ಮೆಯೂ ಕೂಗಲಿಲ್ಲ.

ಅಪ್ಪ ಭಾವನ ಪಕ್ಕದಲ್ಲೇ ಕುಳಿತಿದ್ದರು. ಎಂಥ ಕಿವಿ ಅವರದು! ಊಳು ಸ್ಪೀಕರಿನಿಂದ ಬಂತೋ, ಪಕ್ಕದ ಕುರ್ಚಿಯಿಂದ ಬಂತೋ ತಿಳಿಯದೇ? ಮನೆಗೆ ಬಂದ ಮೇಲೆ ಅಕ್ಕನಿಗೆ ಹೇಳಿದರು, "ನಿನ್ನ ಗಂಡನ ಪಕ್ಕ ಇನ್ಮೇಲೆ ನನಗೆ ಸೀಟು ಇಡಬೇಡ."

ಭಾವ ಕೈ ಮುಗಿದರು. "ತಪ್ಪಾತ್ರಿ ಮಾವನವರ. ಆದರ ಆ ಪಿಟೀಲಿನವರು ಎಷ್ಟೊತ್ತು ಕೂಡಬೇಕ್ರಿ ಪಾಪ?"

ಮರುವರ್ಷ ಯಲಹಂಕದ ರಾಮನವಮಿ ಕಚೇರಿಯ ಹೊಣೆ ಅಪ್ಪನ ಹೆಗಲಿಗೆ ಬಿತ್ತು. ದೂರದಿಂದ ದೊಡ್ಡ ವಿದ್ವಾಂಸರೊಬ್ಬರನ್ನು ಕರೆಸಿದ್ದರು. ಎರಡು ತಿಂಗಳಿಂದ ಅಪ್ಪನಿಗೆ ಅದೇ ಊಟ, ಅದೇ ನಿದ್ದೆ. ಭಾವನಿಗೆ ಮಾತ್ರ ಮೊದಲೇ ಎಚ್ಚರಿಕೆ ಕೊಟ್ಟರು: "ನೀವು ಬನ್ನಿ, ಬೇಡ ಅನ್ನಲ್ಲ. ಬಾಯಿ ಮಾತ್ರ ಮನೇಲಿಟ್ಟು ಬನ್ನಿ."

"ಆತ್ರಿ" ಎಂದರು ಭಾವ.

ಕಚೇರಿ ಚೆನ್ನಾಗಿಯೇ ಶುರುವಾಯಿತು. ವಿದ್ವಾಂಸರು ತೋಡಿಯ ಆಲಾಪನೆಯಲ್ಲಿ ಮುಳುಗಿದ್ದರು. ಆಂಪ್ಲಿಫೈಯರಿನ ಯಾವ ತಂತಿ ಸಡಿಲವಾಗಿತ್ತೋ ಏನೋ, ಅದು ತನ್ನಷ್ಟಕ್ಕೆ ತಾನೇ ರೇಡಿಯೋ ಹಿಡಿಯತೊಡಗಿತು! ತೋಡಿಯ ಮೇಲೆ ಗಂಭೀರವಾದ ದನಿಯೊಂದು ತೇಲಿಬಂತು: "ರೈತ ಬಾಂಧವರೇ, ರಾಗಿಗೆ ಬೆಂಕಿರೋಗ ತಗುಲಿದಾಗ..." ವಿದ್ವಾಂಸರು ನಿಲ್ಲಿಸಿದರು. ಮೈಕಿನವನು ಗಾಬರಿಯಿಂದ ವೈರು ಕೀಳಲು ಹೋದ. ಅಷ್ಟರಲ್ಲಿ ಕೋಗಿಲಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ರೈತರೊಬ್ಬರು ಎದ್ದು ನಿಂತರು. "ಇಂಗೇ ಬುಡಪ್ಪೋ! ಔಸ್ದಿ ಯಾವ್ದು ಅಂತ ಯೋಳ್ಬುಡ್ಲಿ, ಆಮ್ಯಾಕೆ ಅವ್ರು ಆಡ್ಲಿ!"

ಸಭೆ ಘೊಳ್ಳೆಂದಿತು. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ಔಷಧಿಯ ಹೆಸರು ಬರುವಷ್ಟರಲ್ಲಿ ಕರೆಂಟೇ ಹೋಯಿತು. ಜನರೇಟರು ಕೆಮ್ಮಿತು, ಕ್ಯಾಕರಿಸಿತು, ಹೊತ್ತಿಕೊಳ್ಳಲಿಲ್ಲ. ಮುಂದಿನ ಹತ್ತಾರು ಸಾಲಿನವರ ಕತ್ತು ಒಂದೇ ಸಲ ಭಾವನತ್ತ ತಿರುಗಿತು. ಭಾವ ಬಾಯಿಗೆ ಟವಲು ಅಡ್ಡ ಕಟ್ಟಿಕೊಂಡು ಕಂಬ ನೋಡುತ್ತ ಕುಳಿತಿದ್ದರು. ವಿದ್ವಾಂಸರು ಮೈಕಿಲ್ಲದೆ ಒಂದು ಕೀರ್ತನೆ ಹಾಡಿ ನೋಡಿದರು. ಹಿಂದಿನವರು ಎದ್ದು ನಡೆದರು, ಹಾಡು ಜನರ ಮಾತಿನಲ್ಲಿ ಮುಳುಗಿತು. ಮಂಗಳ ಹಾಡಿ ಮುಗಿಸಿದರು.

ಖಾಲಿ ಪೆಂಡಾಲಿನಲ್ಲಿ ಅಪ್ಪ ಒಬ್ಬರೇ ಜಮಖಾನ ಸುತ್ತುತ್ತಿದ್ದರು. ಇನ್ನೊಂದು ತುದಿ ಹಿಡಿಯಲು ಭಾವ ಹೋದರು. ಅಪ್ಪನಿಗೆ ತಡೆಯಲಾಗಲಿಲ್ಲ. "ಅಲ್ಲಾ, ಊರೆಲ್ಲಾ ಉದ್ಧಾರ ಮಾಡ್ತೀರಿ. ಇವತ್ತು ನೀವಾದ್ರೂ ಏನಾದ್ರೂ ಮಾಡಬಾರದಿತ್ತೇ?"

ಭಾವ ಟವಲು ತೆಗೆದರು. "ಬಾಯಿ ಮನ್ಯಾಗಿಟ್ಟು ಬಂದೀನ್ರಿ ಮಾವನವರ."

ಅವರು ತಮಾಷೆಗೆ ಹೇಳಲಿಲ್ಲ. ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡಿದ್ದರು. ಕಣ್ಣಲ್ಲಿ ನೀರೂ ಇತ್ತು. ಆದರೆ ಅಪ್ಪ ಆ ಹೊತ್ತಿನಲ್ಲಿ ಕೇಳಿಸಿಕೊಂಡದ್ದು ಕುಹಕವನ್ನು. ಜಮಖಾನವನ್ನು ಅಲ್ಲೇ ಬಿಟ್ಟು ಮನೆಗೆ ನಡೆದರು. ಅಂದಿನಿಂದ ಅಳಿಯನ ಜೊತೆ ಮಾತಿಲ್ಲ. ಭಾವ ಹಬ್ಬಕ್ಕೆ ಬಂದರೆ ಅಪ್ಪ ಹಿತ್ತಲಿಗೆ ಹೋಗುತ್ತಿದ್ದರು. "ಬ್ಯಾಡ ತಂಗೀ, ನೀ ನಡುವ ಬರಬ್ಯಾಡ. ಅವರ ಮನಸ್ಸು ನೊಂದದ" ಎಂದು ಭಾವ ನನ್ನನ್ನೇ ಸಮಾಧಾನ ಮಾಡುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಕಿವಿ ಮಾತ್ರ ಹಾಗೆಯೇ ಉಳಿಯಿತು. ವಾರಕ್ಕೊಮ್ಮೆ ಸಂಜೆ ರೇಡಿಯೋದಲ್ಲಿ ಬರುವ ಕಚೇರಿಯೊಂದೇ ಅವರು ಕಾಯುತ್ತಿದ್ದ ಸುಖ. ಅಂಥ ಒಂದು ಸಂಜೆ ಅಕ್ಕನೂ ಬಂದಿದ್ದಳು. ಹೊತ್ತಿಗೆ ಸರಿಯಾಗಿ ರೇಡಿಯೋದ ಕಿವಿ ತಿರುಪಿದರೆ ದೀಪ ಹತ್ತಿತು, ಸದ್ದಿಲ್ಲ. ಅಲುಗಾಡಿಸಿದೆವು, ತಟ್ಟಿದೆವು, ಪಕ್ಕದ ಮನೆಯವರನ್ನು ಕರೆದೆವು. ಊಹೂಂ. ಅಪ್ಪನ ಕಣ್ಣು ರೇಡಿಯೋವನ್ನೇ ನೋಡುತ್ತಿತ್ತು. ಮಾತಿದ್ದಿದ್ದರೆ ಬೈಯುತ್ತಿದ್ದರು. ಈಗ ಕಣ್ಣಂಚಿನಿಂದ ನೀರು ಇಳಿಯಿತು, ಅಷ್ಟೆ.

ಅಷ್ಟರಲ್ಲಿ ಕೆಲಸ ಮುಗಿಸಿಕೊಂಡು, ಅಕ್ಕನನ್ನು ಕರೆದೊಯ್ಯಲು ಭಾವ ಬಂದರು. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು. ಬಂದು ಮಂಚದ ಪಕ್ಕ, ರೇಡಿಯೋಗೆ ಒರಗಿ ನೆಲದ ಮೇಲೆ ಕುಳಿತರು.

ಮೊದಲು ಒಂದು ಕರಕರ ಸದ್ದು. ಆಮೇಲೆ ಶ್ರೋತೃಗಳಿಗೆ ನಮಸ್ಕಾರ ಹೇಳುವ ಗಂಭೀರ ದನಿ. ತಂಬೂರಿ. ಪಿಟೀಲಿನವರು ತಂತಿ ಬಿಗಿಮಾಡಿಕೊಂಡದ್ದು, ಮೃದಂಗದವರು ಎರಡು ಸಲ ಕುಟ್ಟಿ ನೋಡಿದ್ದು, ಸಭೆಯಲ್ಲಿ ಯಾರೋ ಕೆಮ್ಮಿದ್ದು. ಆಮೇಲೆ ಪಿಟೀಲು ಹೊರಟಿತು. ಕಲ್ಯಾಣಿ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಪ್ಪ ಕಣ್ಣು ಮುಚ್ಚಿದರು. ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು, ಎಡಗೈ ಎತ್ತಿ, ಭಾವನ ಕಿವಿ ಹಿಡಿದರು.

ಹಿಂಡಿಯೇಬಿಡುತ್ತಾರೆ ಎಂದುಕೊಂಡೆವು ನಾವೆಲ್ಲ. ಭಾವನಿಗೂ ಹಾಗೆಯೇ ಅನ್ನಿಸಿರಬೇಕು, ಮೇಲಿನ ಷಡ್ಜಕ್ಕೆ ಏರುತ್ತಿದ್ದ ಪಿಟೀಲು ಗಂಟಲಲ್ಲಿ ಸಿಕ್ಕಿಕೊಂಡು ನಿಂತೇಹೋಯಿತು. ಅಷ್ಟು ವರ್ಷಗಳಲ್ಲಿ ಭಾವನ ಬಾಯಿ ಕೈಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ಆ ಕಿವಿಯನ್ನು ಬಹಳ ಮೆಲ್ಲಗೆ, ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರು. ಸ್ಟೇಷನ್ ತಪ್ಪಿದಾಗ ಹುಡುಕುತ್ತೇವಲ್ಲ, ಹಾಗೆ. ಆಮೇಲೆ ಸ್ವಲ್ಪ ಎಡಕ್ಕೆ. ಅವರ ತುಟಿಯ ಒಂದು ಕೊನೆ ನಗುತ್ತಿತ್ತು.

ಭಾವ ಎಂಜಲು ನುಂಗಿದರು. ಒಂದಿಷ್ಟು ಕರಕರ ಎಂದಿತು, ಒಮ್ಮೆ 'ಕುಂಯ್' ಎಂದಿತು, ಪಿಟೀಲು ಮತ್ತೆ ಸಿಕ್ಕಿತು. ಕಚೇರಿ ಮುಗಿಯುವವರೆಗೂ ಅಪ್ಪ ಆ ಕಿವಿಯನ್ನು ಬಿಡಲಿಲ್ಲ.