ಭಾರತಕ್ಕಾಗಿ ಆಡಿದೆ, ಚೆಂಡು ಮಾತ್ರ ಕೊಡಲಿಲ್ಲ

ನನ್ನ ಕ್ರಿಕೆಟ್ ಮುಗಿದರೂ ಅದರ ಬಗ್ಗೆ ಮಾತಾಡುವವರು ಮುಗಿಯುತ್ತಿಲ್ಲ. ಬೆಳಗಾವಿಯಲ್ಲಿ ಹಾಲು ತರಲು ಹೊರಟರೂ ಯಾರೋ ಒಬ್ಬರು ಸಿಕ್ಕು ಹೊಟ್ಟೆ ಉರಿಸಿಯೇ ಕಳಿಸುತ್ತಾರೆ.

ನಾನು ವೇಗದ ಬೌಲರ್. ಭಾರತದ ಮಹಿಳಾ ತಂಡಕ್ಕೆ ಆಡಿದ್ದು ಒಂದೇ ಮ್ಯಾಚು. ನಾಯಕಿ ನನ್ನ ಕೈಗೆ ಚೆಂಡು ಕೊಡುವ ಮೊದಲೇ ಮಳೆ ಬಂದು ಆಟ ರದ್ದಾಯಿತು. ಮುಂದಿನ ಮ್ಯಾಚಿಗೆ ನನ್ನನ್ನು ಕೈಬಿಟ್ಟರು, ಮತ್ತೆ ಕರೆಯಲೇ ಇಲ್ಲ. ಏನು ತಪ್ಪು ಮಾಡಿದ್ದೆ? ತಪ್ಪು ಮಾಡುವುದಕ್ಕಾದರೂ ಒಂದು ಓವರ್ ಕೊಡಬೇಕಿತ್ತಲ್ಲ! ಜನರೆದುರು ಒಂದೇ ಒಂದು ವಿಕೆಟ್ ಕಿತ್ತು ತೋರಿಸಬೇಕೆಂಬ ಆಸೆ ಹಾಗೇ ಉಳಿಯಿತು.

ಹಿಂದವಾಡಿಯ ಮಾವಶಿ

ಆ ಮ್ಯಾಚು ಮುಗಿಸಿ ಬೆಳಗಾವಿಗೆ ಬಂದು, ಹಿಂದವಾಡಿಯ ನಮ್ಮ ಮನೆ ಮುಂದೆ ಆಟೋದಿಂದ ಇಳಿಯುತ್ತಿದ್ದಂತೆ, ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಬಾಜು ಮನೆಯವರು ಗೇಟಿಗೇ ಬಂದರು.

“ಟೀವಿ ಬಿಟ್ಟು ಏಳದ ನೋಡೀನವಾ. ನೀ ಬರೇ ಬೌಂಡರಿ ಕಡೆ ನಿಂತಿದ್ದಿ.”

“ಫೀಲ್ಡಿಂಗ್ ರೀ ಮಾವಶಿ. ಅಲ್ಲೇ ನಿಲ್ಲಬೇಕಾಗತೈತಿ.”

“ಬರೇ ನಿಲ್ಲಸಾಕ ಅಷ್ಟು ದೂರ ವಿಮಾನದಾಗ ಕರಕೊಂಡ್ ಹೋದ್ರ? ಆ ಊರಾಗ ನಿಲ್ಲಾಕ ಯಾರೂ ಸಿಗಲಿಲ್ಲೇನು?”

ಫೇಟಾ

ಖಾನಾಪುರದಲ್ಲಿ ನನಗೆ ಸತ್ಕಾರ ಇಟ್ಟುಕೊಂಡರು. ನಮ್ಮ ಕಡೆ ಸತ್ಕಾರ ಅಂದರೆ ತಲೆಗೆ ಫೇಟಾ ಸುತ್ತಲೇಬೇಕು. ಸುತ್ತಲು ಬಂದವನು ನನ್ನ ಜಡೆ ನೋಡಿ ನಿಂತುಬಿಟ್ಟ.

“ಹೆಣ್ಮಕ್ಕಳಿಗೆ ಹೆಂಗ ಸುತ್ತೂದ್ರೀ? ನಿಮ್ಮ ಜೋಡಿ ಗಂಡಸರು ಯಾರರ ಬಂದಾರೇನು?”

ಗಾಡಿ ಮೇಲೆ ನನ್ನನ್ನು ಕರೆತಂದಿದ್ದ ಅಣ್ಣ ಎದ್ದು ನಿಂತ. ಬ್ಯಾಟಿನ ಯಾವ ತುದಿ ಹಿಡಿಯಬೇಕೆಂದೂ ತಿಳಿಯದ ಆ ಮನುಷ್ಯನಿಗೆ ಫೇಟಾ, ಶಾಲು, ಹಾರ ಎಲ್ಲ ಆಯಿತು. ಭಾರತಕ್ಕಾಗಿ ಆಡಿದ ನನಗೆ ಉಡಿ ತುಂಬಿ, ಅರಿಷಿಣ ಕುಂಕುಮ ಕೊಟ್ಟು ಕಳಿಸಿದರು! ಮೈಯೆಲ್ಲ ಉರಿಯಿತು.

ವಾಪಸು ಬರುವಾಗ, “ಅದನ್ನ ತಗದು ಹೆಲ್ಮೆಟ್ ಹಾಕ್ಕೋ” ಅಂದೆ.

“ಸುಮ್ನ ಕುಂದರ. ಒಂದು ಸತ್ಕಾರ ಆಗಬೇಕಂದ್ರ ಎಷ್ಟು ಕಷ್ಟ ಐತಿ, ನಿನಗೇನ ಗೊತ್ತು?” ಅಂದ.

ಉದ್ಘಾಟನೆಯ ಚೆಂಡು

ಪಾರಿಶ್ವಾಡದ ಟೆನಿಸ್ ಬಾಲ್ ಪಂದ್ಯಾವಳಿಗೆ ನಾನು ಅತಿಥಿ. ಇಂಥ ಕಡೆ ಒಂದು ಪದ್ಧತಿ ಇದೆ. ಊರ ಹಿರಿಯರು ಬ್ಯಾಟು ಹಿಡಿಯುತ್ತಾರೆ, ಅತಿಥಿ ಮೆತ್ತಗೆ ಒಂದು ಚೆಂಡು ಹಾಕಬೇಕು, ಹಿರಿಯರು ಹೊಡೆದ ಕೂಡಲೇ ಪಟಾಕಿ ಹಚ್ಚುತ್ತಾರೆ.

ಸಮಿತಿಯ ಅಧ್ಯಕ್ಷರು ಧೋತರ ಎತ್ತಿ ಕಟ್ಟಿ ಸ್ಟಂಪಿನ ಮುಂದೆ ನಿಂತರು. “ಹಗೂರ ಹಾಕ್ರಿ ಮೇಡಮ್” ಎಂದು ಅಂಪೈರ್ ಕಿವಿಯಲ್ಲಿ ಹೇಳಿದ. ಊರೆಲ್ಲ ನೋಡುತ್ತಿತ್ತು, ಚೆಂಡು ಕಡೆಗೂ ನನ್ನ ಕೈಗೆ ಬಂದಿತ್ತು. ಹಗೂರ ಹಾಕಲು ನನಗೇನು ಹುಚ್ಚೇ? ದೂರದಿಂದ ಓಡಿ ಬಂದು ಹಾಕಿದೆ. ನಡುವಿನ ಸ್ಟಂಪ್ ಹಾರಿ ಹಿಂದೆ ಬಿತ್ತು. ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ.

“ನೋ ಬಾಲ್!” ಅಂದ ಅಂಪೈರ್.

“ಯಾಕ? ಗೆರಿ ದಾಟೀನೇನು?”

“ಗೆರಿ ದಾಟಿಲ್ರೀ. ಉದ್ಘಾಟನಿ ಆಗಿಲ್ಲ.”

ಸಿಟ್ಟು ನೆತ್ತಿಗೇರಿತು. ಇನ್ನೊಂದು ಹಾಕಿದೆ, ಇನ್ನೂ ಜೋರಾಗಿ. ಮತ್ತೆ ಸ್ಟಂಪ್ ಹಾರಿತು. ಕಡ್ಡಿ ಗೀರಿ ಕಾಯುತ್ತಿದ್ದ ಪಟಾಕಿಯವನು ಬೆರಳು ಸುಟ್ಟುಕೊಂಡ.

ಅಧ್ಯಕ್ಷರು ಬ್ಯಾಟನ್ನು ಬಗಲಲ್ಲಿ ಇಟ್ಟುಕೊಂಡು ನನ್ನ ಹತ್ತಿರ ನಡೆದು ಬಂದರು.

“ನಿಮ್ಮನ್ನ ಟೀಮಿನ್ಯಾಗಿಂದ ಯಾಕ ತಗದ್ರು ಅಂತ ಈಗ ತಿಳೀತ್ ನೋಡ್ರಿ. ಹಿರೇರು, ಕಿರೇರು ಅನ್ನೂದ ಇಲ್ಲ ನಿಮಗ!”