ಮುಂದಿನದೊಂದು ಸಾಕು

ಊರಿನವರ ದೂರು ಕೇಳುವುದೇ ನನ್ನ ಉದ್ಯೋಗ. ನೀರು ಸರಬರಾಜು ಕಚೇರಿಯ ನೆಲಮಹಡಿಯ ಕಿಟಕಿಯ ಹಿಂದೆ, ಫ್ಯಾನಿನ ಕೆಳಗೆ, ಕುರ್ಚಿಗೆ ಅಂಟಿಕೊಂಡು ಅರ್ಧ ಆಯುಷ್ಯ ಕಳೆದಿದ್ದೇನೆ. ನಲ್ಲಿ ಸೋರುತ್ತದೆ ಎನ್ನುವವರೂ ನನ್ನ ಹತ್ತಿರವೇ ಬರಬೇಕು, ಸೋರುವುದಕ್ಕೂ ನೀರಿಲ್ಲ ಎನ್ನುವವರೂ ನನ್ನ ಹತ್ತಿರವೇ ಬರಬೇಕು. ನನ್ನ ದೂರು ಕೇಳುವ ಕಿಟಕಿ ಮಾತ್ರ ಯಾವ ಕಚೇರಿಯಲ್ಲೂ ತೆರೆದಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಕಾಲೇಜಿನಲ್ಲಿ ನಾನು ಸೈಕಲ್ ವೀರ. ಮದುವೆಯಾದ ಮೇಲೆ ನನ್ನ ಸೈಕಲ್ಲು ಮೆಟ್ಟಿಲ ಕೆಳಗೆ ವಾನಪ್ರಸ್ಥಕ್ಕೆ ಹೋಯಿತು, ಅಲ್ಲಿಂದ ಒಂದು ದಿನ ಗುಜರಿಗೆ ಹೋಗಿ ಮೋಕ್ಷ ಪಡೆಯಿತು. (ಆ ದಿನ ನಾನು ಮನೆಯಲ್ಲಿರಲಿಲ್ಲ. ಇದ್ದಿದ್ದರೂ ಹೋಗುತ್ತಿತ್ತು.) ಈಗ ಎರಡು ಮಹಡಿ ಹತ್ತಿದರೆ ಏದುಸಿರು. ಮೊನ್ನೆ ಸಿಗ್ನಲ್ಲಿನಲ್ಲಿ ಬಸ್ಸಿನೊಳಗೆ ನೇತಾಡುತ್ತಿದ್ದಾಗ, ನನ್ನದೇ ವಯಸ್ಸಿನವನೊಬ್ಬ ದಪ್ಪ ಟೈರಿನ ಮೌಂಟನ್ ಬೈಕಿನಲ್ಲಿ ಬಸ್ಸನ್ನು ಹಿಂದಿಕ್ಕಿ ಹೋದ. ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಮನೆಯಲ್ಲಿ ಮೆಲ್ಲಗೆ ವಿಷಯ ತೆಗೆದೆ.

"ಬೆಟ್ಟ ಹತ್ತೋ ಸೈಕಲ್ಲಾ?" ಎಂದಳು ನನ್ನ ಹೆಂಡತಿ, ಬಟ್ಟೆ ಮಡಚುತ್ತಾ. "ಈ ಊರಲ್ಲಿ ಬೆಟ್ಟ ಎಲ್ಲಿದೆ, ನಿಮ್ಮ ಹೊಟ್ಟೆ ಬಿಟ್ರೆ?"

"ನಮ್ಮ ಆಫೀಸಿನ ನೀರಿನ ಟ್ಯಾಂಕ್ ಇರೋ ಗುಡ್ಡ ಇದೆಯಲ್ಲ."

"ದೂರದ ಬೆಟ್ಟ ನುಣ್ಣಗೆ. ದೂರದಲ್ಲೇ ಇರ್ಲಿ ಬಿಡಿ."

ಚರ್ಚೆ ಅಲ್ಲಿಗೆ ಮುಕ್ತಾಯ. ನಮ್ಮ ಮನೆಯಲ್ಲಿ ಪ್ರಜಾಪ್ರಭುತ್ವವಿದೆ, ಆದರೆ ಪ್ರಜೆ ನಾನೊಬ್ಬನೇ.

ನಾನು ಕದ್ದು ಅಂಗಡಿಗೆ ಹೋಗತೊಡಗಿದೆ. ಸೈಕಲ್ ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಮೊದಲು ನಿಮ್ಮ ಅಳತೆಗೆ ಫ್ರೇಮ್ ನೋಡೋಣ" ಎಂದ. ನನ್ನ ವಯಸ್ಸಿನಲ್ಲಿ ಫ್ರೇಮ್ ಎಂದರೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಫೋಟೋ ನೆನಪಾಗುತ್ತದೆ. ಅವನು ಸೈಕಲ್ಲಿನ ಕೊಳವೆ ತಟ್ಟಿ ತೋರಿಸಿದ ಮೇಲೆ ಉಸಿರು ಬಂತು. ಕಾಲು ಎರಡೂ ಬದಿಗೆ ನೆಲ ಮುಟ್ಟುವಂತೆ ನಿಲ್ಲಿಸಿದ, ಡಿಸ್ಕ್ ಬ್ರೇಕ್ ಹಿಡಿಸಿದ. ನನ್ನ ಕಣ್ಣು ಮಾತ್ರ ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಇದ್ದ, ಕುದುರೆಯಂತೆ ಕುಣಿಯುವ ಇನ್ನೊಂದರ ಮೇಲಿತ್ತು.

"ಅದು ಬೇಡ ಸಾರ್. ಕಡಿಮೆ ಬೆಲೆಯದ್ರಲ್ಲಿ ಎರಡೂ ಕಡೆ ಸಸ್ಪೆನ್ಷನ್ ತಗೊಂಡ್ರೆ ಬರೀ ಭಾರ. ನೀವು ತುಳಿದ ಶಕ್ತಿಯೆಲ್ಲಾ ಹಿಂದಿನ ಸ್ಪ್ರಿಂಗೇ ತಿಂದ್ಹಾಕುತ್ತೆ. ಮತ್ತೆ ಶುರು ಮಾಡೋರಿಗೆ ಮುಂದಿನದೊಂದು ಸಾಕು."

ಯೋಚಿಸಿ ಹೇಳುತ್ತೇನೆಂದು ಬಂದೆ. ಸಂಜೆ ಬಾಲ್ಕನಿಯಲ್ಲಿ ನಿಂತು, ದನಿ ತಗ್ಗಿಸಿ ಅವನಿಗೆ ಫೋನು ಮಾಡಿದೆ. ಆಡಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ, ನನ್ನ ಸರ್ವನಾಶದ ಬೀಜ ಇದರಲ್ಲೇ ಇದೆ.

"ಆಯ್ತಪ್ಪ, ನೀವು ಹೇಳಿದ ಹಾಗೇ ಆಗ್ಲಿ. ಸಸ್ಪೆನ್ಷನ್ ಮುಂದಿನದೊಂದು ಸಾಕು, ಹಿಂದಿನದನ್ನ ಬಿಟ್ಬಿಡಿ. ಶನಿವಾರ ಬಂದು ಎಲ್ಲಾ ಮುಗಿಸ್ತೀನಿ. ಮನೇಲಿ ಇನ್ನೂ ಹೇಳಿಲ್ಲ, ಹೇಳಿದ್ರೆ ರಾದ್ಧಾಂತ ಆಗುತ್ತೆ."

ಬಾಗಿಲ ಮರೆಯಲ್ಲಿ ನನ್ನವಳು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಸಸ್ಪೆನ್ಷನ್ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ. ನೌಕರನ ಹೆಂಡತಿ ತಾನೇ.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಕೇಳದೆಯೇ ಎರಡನೇ ಸಲ ಬಡಿಸಿದಳು. ಟಿವಿಯ ರಿಮೋಟು ತಂದು ನನ್ನ ಕೈಯಲ್ಲಿಟ್ಟಳು. ಅದು ಎಷ್ಟು ಹಗುರವಾಗಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಮರುದಿನ ನಾನು ಬೂಟು ಹಾಕಿಕೊಳ್ಳುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಏನೇ ಆಗ್ಲಿ, ನಾನಿದ್ದೀನಿ" ಎಂದಳು. ಆಮೇಲೆ, "ಪಾರ್ಕಲ್ಲಿ ಕೂತ್ರೆ ನೆರಳಲ್ಲಿ ಕೂತ್ಕೊಳ್ಳಿ" ಎಂದಳು. ಆಫೀಸಿಗೆ ಹೊರಟವನಿಗೆ ಪಾರ್ಕಿನ ಮಾತೇಕೆಂದು ತಿಳಿಯಲಿಲ್ಲ. ಸಿಕ್ಕ ಪ್ರೀತಿಗೆ ಲೆಕ್ಕ ಕೇಳಬಾರದೆಂದು ಲೇಸು ಬಿಗಿದುಕೊಂಡು ಹೊರಟೆ. ಬಸ್ಸಿನಲ್ಲಿ ನಿಂತೇ ನನ್ನ ಕಣ್ಣು ಒದ್ದೆಯಾಯಿತು.

ಶನಿವಾರ ಸೈಕಲ್ ತಂದೆ. ಯುದ್ಧಕ್ಕೆ ಸಿದ್ಧನಾಗಿಯೇ ಬಾಗಿಲು ತಟ್ಟಿದೆ. ಅವಳು ಅದರ ಸೀಟು ಸವರಿ, "ಪಾಪ, ಬಸ್ ಖರ್ಚಾದ್ರೂ ಉಳೀಲಿ ಅಂತಾನಾ?" ಎಂದಳು, ಅಷ್ಟೇ. ಭಾನುವಾರ ಬೆಳಿಗ್ಗೆ ಬೀದಿಗಿಳಿದೆ. ಮೊದಲ ತಿರುವಿನಲ್ಲಿ ಕಂಬಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು, ಎರಡನೇ ಬೀದಿಯಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂತು, ಮೂರನೆಯದರಲ್ಲಿ ಗಾಳಿ ಮುಖಕ್ಕೆ ಬಡಿಯಿತು. ಸುಖವಾಗಿತ್ತು. ಮನೆಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ, ಕಾಲ ಕೆಳಗೆ ಚಕ್ರವಿದೆ, ಗಂಡಸಿಗೆ ಇನ್ನೇನು ಬೇಕು ಅನ್ನಿಸಿತು.

ಸೋಮವಾರ ತೊಡೆ ಮರಗಟ್ಟಿ ಬಸ್ಸಿನಲ್ಲೇ ಹೋದೆ. ಮಧ್ಯಾಹ್ನ ಕ್ಯಾಂಟೀನಿನಿಂದ ಬಂದ ಕೂಡಲೇ ಸಾಹೇಬರು ಕರೆದರು.

"ನಿಮ್ಮ ಮನೆಯವರು ಬಂದಿದ್ರು ಕಣ್ರೀ. ನಿಮ್ಮನ್ನ ಸಸ್ಪೆಂಡ್ ಮಾಡಿರೋದು ನನಗೇ ಗೊತ್ತಿರ್ಲಿಲ್ಲ. ಅದೂ ಎರಡನೇ ಸಲ ಅಂತೆ. ಹಿಂದಿನದನ್ನ ಬಿಟ್ಬಿಡಿ, ಮುಂದಿನದನ್ನೂ ಬಿಟ್ಬಿಡಿ ಅಂತ ಒಂದೇ ಅಳು."

"ಸಾರ್, ಅದು ಸೈಕಲ್ಲಿಂದು... ನೀವಾದ್ರೂ ಹೇಳ್ಬಾರದಿತ್ತಾ?"

"ಅವರು ನನಗೆ ಬಾಯಿ ತೆಗೆಯೋಕೆ ಬಿಟ್ರೆ ತಾನೇ?"

ಈ ಕಷ್ಟ ನನಗೆ ಅರ್ಥವಾಗುವಂಥದ್ದೇ.

"ಒಂದು ಮಾತು ಮಾತ್ರ ನನಗೆ ಹಿಡಿಸ್ತು" ಎಂದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಕೆಲಸದಿಂದ ತೆಗೀಬೇಡಿ, ನಮ್ಮವರು ಬೆಟ್ಟ ಹತ್ತು ಅಂದ್ರೂ ಹತ್ತುತ್ತಾರೆ ಅಂದ್ರು. ಗುಡ್ಡದ ಮೇಲೆ ಟ್ಯಾಂಕ್ ನೋಡ್ಕೊಳ್ಳೋ ಜಾಗ ಖಾಲಿ ಬಿದ್ದಿದೆ. ಯಾರನ್ನ ಕೇಳಿದ್ರೂ ಮಂಡಿ ನೋವು ಅಂತಾರೆ. ನಾಳೆಯಿಂದ ನೀವೇ ಹೋಗ್ಬಿಡಿ."

ಫ್ಯಾನು, ಕಿಟಕಿ, ಕುರ್ಚಿ ಎಲ್ಲಾ ಒಂದು ಸಹಿಗೆ ಹೋದವು. ಆದರೂ ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡೆ. ಬೆಟ್ಟ ಕೊಟ್ಟ ದೇವರು ಬೆಟ್ಟದ ಸೈಕಲ್ಲನ್ನೂ ಮೊದಲೇ ಕೊಟ್ಟಿದ್ದಾನಲ್ಲ.

ಮನೆಗೆ ಬಂದರೆ ನಡುಮನೆಯಲ್ಲಿ ಸೈಕಲ್ ಇತ್ತು. ಹ್ಯಾಂಡಲ್ಲಿತ್ತು, ಸೀಟಿತ್ತು, ಪೆಡಲ್ಲಿತ್ತು. ಚಕ್ರ ಇರಲಿಲ್ಲ.

"ಇದೇನೇ ಇದು?"

"ನಿನ್ನೆ ನೀವು ಬೀದಿ ಸುತ್ತೋದನ್ನ ನೋಡಿ ಎದುರುಮನೆಯವಳು, ಯಜಮಾನ್ರಿಗೆ ಕೆಲಸ ಇಲ್ವಾ ಅಂತ ಕೇಳಿದ್ಳು. ನನಗೆ ಕರುಳು ಕಿತ್ತು ಬಂತು. ಅಂಗಡಿಯವನು ದುಡ್ಡು ವಾಪಸ್ ಕೊಡಲ್ಲ, ಬದಲಿ ತಗೊಳ್ಳಿ ಅಂದ. ಒಳಗೇ ತುಳಿಯೋದು ಕೊಡಪ್ಪ ಅಂದೆ. ನಾಲ್ಕು ಜನ ನೋಡೋದು ತಪ್ಪುತ್ತೆ."

ನಾನು ಗೋಡೆಗೊರಗಿ ಕೂತು ಎಲ್ಲವನ್ನೂ ಹೇಳಿದೆ. ಸಸ್ಪೆನ್ಷನ್ ಎಂದರೆ ಸ್ಪ್ರಿಂಗ್, ಮುಂದಿನದೆಂದರೆ ಮುಂದಿನ ಚಕ್ರದ್ದು, ಹಿಂದಿನದೆಂದರೆ ಹಿಂದಿನ ಚಕ್ರದ್ದು. ಗುಡ್ಡಕ್ಕೆ ಹಾಕಿದ್ದನ್ನೂ ಹೇಳಿದೆ. ನಗುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡಿದ್ದೆ.

"ಅಂದ್ರೆ ನಿಮಗೆ ಏನೂ ಆಗಿಲ್ಲ" ಎಂದಳು. ದನಿಯಲ್ಲಿ ನಿರಾಸೆಯಿತ್ತು. "ಒಂದು ಸೈಕಲ್ಲಿಗೋಸ್ಕರ ನಿಮ್ಮ ಸಾಹೇಬರ ಮುಂದೆ ನನ್ನ ಕೈಲಿ ಕಣ್ಣೀರು ಹಾಕಿಸಿದ್ರಿ."

ಇಷ್ಟು ದಿನ ನನ್ನ ಕೈಯಲ್ಲಿದ್ದ ರಿಮೋಟು ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಬಾಗಿಲಲ್ಲಿ ನಿಂತು, "ಇದಕ್ಕೆ ಸಸ್ಪೆನ್ಷನ್ ಇಲ್ಲ, ಮುಂದಿನದೂ ಇಲ್ಲ, ಹಿಂದಿನದೂ ಇಲ್ಲ. ಸಮಾಧಾನವಾಗಿ ತುಳೀರಿ" ಎಂದಳು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ದಿನಾ ನಡೆದೇ ಗುಡ್ಡ ಹತ್ತುತ್ತೇನೆ. ನಡುಮನೆಯ ಸೈಕಲ್ಲಿನ ಮೇಲೆ ಒದ್ದೆ ಟವೆಲ್ಲು ಸವಾರಿ ಮಾಡುತ್ತಿದೆ. ಎರಡನೇ ಸಲ ಬೇಕಾದರೆ ನಾನೇ ಬಡಿಸಿಕೊಳ್ಳಬೇಕು. ತಲೆಯ ಮೇಲೆ ಕೈ ಬಿದ್ದ ಆ ಬೆಳಗನ್ನು ಮೇಲೆ ಹತ್ತುವಾಗ ನೆನೆಯುತ್ತೇನೆ, ಉಸಿರು ಇನ್ನಷ್ಟು ಕಟ್ಟುತ್ತದೆ. ನಾನು ಹಾಳಾಗಿದ್ದೇನೆಂದು ನಂಬಿದ್ದಷ್ಟು ದಿನ ಅವಳಿಗೆ ನಾನು ಬೇಕಾಗಿದ್ದೆ.

ಮೊನ್ನೆ ಸಾಹೇಬರು ತಪಾಸಣೆಗೆಂದು ಜೀಪಿನಲ್ಲಿ ಗುಡ್ಡಕ್ಕೆ ಬಂದಿದ್ದರು. ಹೊರಡುವಾಗ, "ನಿಮಗೇನಾದ್ರೂ ಬೇಕಾಗಿತ್ತೇನ್ರೀ?" ಎಂದು ಕೇಳಿದರು.

"ಒಂದು ಸಸ್ಪೆನ್ಷನ್ ಕೊಡ್ತೀರಾ ಸಾರ್? ಮುಂದಿನದೊಂದು ಸಾಕು."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು ಜೀಪು ಹತ್ತಿದರು. ನಾನು ತಮಾಷೆ ಮಾಡಿರಲಿಲ್ಲ.