ಎರೆಹುಳುವಿಗೆ ಕೊಟ್ಟ ಮಣ್ಣು

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ದೇಶದ ಕಥೆ ಹೇಗೋ ಏನೋ, ಸೋನ್ಯಾಳದ ಸೋಮನಿಂಗಪ್ಪ ಮಾಸ್ತರರ ನೌಕರಿ ಮಾತ್ರ ಇನ್ನೂ ಹಂಗಾಮಿಯಾಗಿತ್ತು. ಅದು ಕಾಯಂ ಆಗುವುದು ಅಂದು ಒಂದು ಎರೆಹುಳುವಿನ ಕೈಯಲ್ಲಿತ್ತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಅವರ ಪಾಠ ನೋಡುವವರಿದ್ದರು. ಪಾಠ, ಎರೆಹುಳುವಿನ ರಕ್ತಸಂಚಾರ.

ಬೇಸಿಗೆಯಲ್ಲಿ ಹುಳು ಸಿಗುವಷ್ಟು ಹಸಿ ನೆಲವಿದ್ದದ್ದು ಪಕ್ಕದ ಮನೆಯ ಸಿದ್ದಲಿಂಗವ್ವನ ಬಚ್ಚಲ ಹಿಂದೆ ಮಾತ್ರ. ಮಾಸ್ತರರು ಅಲ್ಲಿ ಬಹಳ ಹೊತ್ತು ಕೆದಕಿ, ಸಿಕ್ಕ ಒಂದೇ ಒಂದನ್ನು ಹಿಡಿದು, ಬರೆಯುವ ಪಾಟಿಯ ಮೇಲಿಟ್ಟು, ಬಿಸಿಲಲ್ಲೇ ಕುಳಿತು ಅವಳ ಮುಂದೆ ಪಾಠದ ತಾಲೀಮು ಶುರು ಮಾಡಿದರು.

"ನೋಡ್ರಿ ಯವ್ವಾ, ಬೆನ್ನ ಮ್ಯಾಲಿನ ಈ ಕೆಂಪು ಗೆರಿ ರಕ್ತನಾಳ. ರಕ್ತ ಬಾಲದಿಂದ ತಲಿ ಕಡೆ ಹರೀತೈತಿ. ಅಲ್ಲಿ ನಾಕು ಜೋಡಿ ಹೃದಯ ಅದಾವು. ಅವು ರಕ್ತಾನ ಹೊಟ್ಟಿ ಕಡಿ ನಾಳಕ್ಕ ನೂಕ್ತಾವು. ಅಲ್ಲಿಂದ ಮತ್ತ ಹಿಂದಕ್ಕ."

"ಅಯ್ಯ ಶಿವನ! ಒಂದು ಹೃದಯ ಇಟಗೊಂಡು ನನಗ ಇಷ್ಟು ಸಂಕಟ. ಎಂಟು ಇಟಗೊಂಡು ಇದು ಹೆಂಗ ತಡೀತೈತ್ರಿ?" ಎಂದು ಸಿದ್ದಲಿಂಗವ್ವ ಕಣ್ಣೊರೆಸಿಕೊಂಡಳು.

ತಾಲೀಮು ಮುಗಿಯುವಷ್ಟರಲ್ಲಿ ಹುಳು ಒಣ ಹುರಿಯಂತೆ ಬಿದ್ದಿತ್ತು. ಮಾಸ್ತರರು ಮುಟ್ಟಿದರು, ಬಗ್ಗಿ ನೋಡಿದರು. ಕೆಂಪು ಗೆರೆ ಅಲುಗಲಿಲ್ಲ.

"ರಕ್ತ ನಿಂತೈತ್ರಿ. ಸತ್ತೈತಿ."

ಸತ್ತದ್ದನ್ನೇ ಸಾಲೆಗೆ ಒಯ್ಯಬೇಕೆಂದರೆ ಸಿದ್ದಲಿಂಗವ್ವ ಪಾಟಿಯನ್ನೇ ಕಸಿದುಕೊಂಡಳು. "ನಮ್ಮ ಬಚ್ಚಲದಾಗ ಹುಟ್ಟಿದ ಜೀವ. ಮಣ್ಣು ಕೊಡದ ಬಿಡಂಗಿಲ್ಲ!"

ಕಿರಾಣಿ ಅಂಗಡಿಯ ರೇವಪ್ಪ ಅಂಗಡಿ ಮುಚ್ಚಿ ಬಂದ. ಓಣಿಯವರೂ ನೆರೆದರು. ಬಚ್ಚಲ ಹಿಂದೆಯೇ ಕುಣಿ ತೋಡಿ, ಹುಳುವನ್ನು ಇಳಿಸಿ, ಮೇಲೆ ಬಿಲ್ವಪತ್ರಿ ಇಟ್ಟು, ನೀರು ಬಿಟ್ಟರು.

"ಕೊಂದವ್ರು ನೀವು, ಮೊದಲ ಮಣ್ಣು ನೀವು ಹಾಕ್ರಿ," ಎಂದ ರೇವಪ್ಪ ಗಂಭೀರವಾಗಿ. ಮಾಸ್ತರರು ಹಾಕಿದರು. ಅವರಿಗೂ ನಿಜವಾಗಿಯೇ ದುಃಖವಾಯಿತು.

ಮಧ್ಯಾಹ್ನ ಬಂದ ಸಾಹೇಬರು ನಡೆದದ್ದನ್ನೆಲ್ಲ ಕೇಳಿ, "ಸತ್ತದ್ದನ್ನ ತೋರಸ್ರಿ, ಅದರ ಮ್ಯಾಲೇ ಪಾಠ ಮಾಡ್ರಿ," ಎಂದರು.

ಸಿದ್ದಲಿಂಗವ್ವನ ಕೈಕಾಲು ಹಿಡಿದು ಮಾಸ್ತರರು ಸಾಹೇಬರನ್ನು ಬಚ್ಚಲ ಹಿಂದೆ ಕರೆತಂದು ಕುಣಿ ಅಗೆದರು. ಪತ್ರಿ ಸಿಕ್ಕಿತು. ಅದರ ಕೆಳಗೆ ತಂಪು ಮಣ್ಣಿನಲ್ಲಿ ಸಣ್ಣದೊಂದು ತೂತು. ಮೊಳದುದ್ದ ಅಗೆದರೂ ಹುಳು ಇಲ್ಲ.

"ಕೈಲಾಸಕ್ಕ ಹೋತ್ರೀ!" ಸಿದ್ದಲಿಂಗವ್ವ ಕೈ ಮುಗಿದಳು.

ಸಾಹೇಬರು ನಗಲಿಲ್ಲ. "ಮಾಸ್ತರ, ಹುಳ ಸತ್ತಿದ್ರ ಇಲ್ಲೇ ಇರಬೇಕಿತ್ತು. ಬದುಕಿತ್ತಂದ್ರ, ರಕ್ತ ಹರಿಯೂದು ನಿಮಗ ಕಾಣಲಿಲ್ಲ. ಹುಡುಗರಿಗೆ ಏನು ತೋರಸ್ತೀರಿ? ಇನ್ನೊಂದು ವರ್ಷ ಹಂಗಾಮೀನ ಇರ್ರಿ."